ನರ್ಸಬಾಯಿ ಬಿಡಿಸಿಕೊಟ್ಟ ಸರ್ಟಿಫಿಕೇಟು

ನಾನು ಶಲವಡಿಗೆ ಮನೆಯಳಿಯನಾಗಿ ಬಂದ ದಿನ ನನ್ನ ಹತ್ತಿರ ಎರಡು ಬ್ಯಾಗುಗಳಿದ್ದವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಕಾಗದಪತ್ರ. ಬಟ್ಟೆಯ ಬ್ಯಾಗನ್ನು ಬಸ್ಸಿನ ಸೀಟಿನ ಕೆಳಗೆ ತಳ್ಳಿದ್ದೆ. ಕಾಗದದ ಬ್ಯಾಗನ್ನು ಮಾತ್ರ ಸಾಂಗಲಿಯಿಂದ ಇಲ್ಲಿಯವರೆಗೆ ತೊಡೆಯ ಮೇಲಿಂದ ಇಳಿಸಿರಲಿಲ್ಲ.

ಆ ಕಾಗದಗಳನ್ನು ಸಂಪಾದಿಸಲು ನನಗೆ ಬಹಳ ವರ್ಷ ಹಿಡಿದಿತ್ತು. ಏಳನೆಯ ಇಯತ್ತೆ ಮುಗಿದ ಮೇಲೆ ಮಿಶ್ರಿಕೋಟಿಯ ಶಾಲೆ ಬಿಟ್ಟು, ಅಣ್ಣನ ಹಿಂದೆ ಇಚಲಕರಂಜಿಗೆ ಪವರ್‌ಲೂಮಿನ ಕೆಲಸಕ್ಕೆ ಹೋದವನು ನಾನು. ಏಳೆಂಟು ವರ್ಷದ ಮೇಲೆ ಒಂದು ದಿನ ಜೊತೆಯವನ ಕೈ ಮಗ್ಗಕ್ಕೆ ಸಿಕ್ಕಿತು. ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದೆವು. ಅಲ್ಲಿ ಆ ಕೈಯನ್ನು ತೊಳೆದು, ಪಟ್ಟಿ ಕಟ್ಟಿದವನು ನನ್ನ ವಯಸ್ಸಿನ ಒಬ್ಬ ಗಂಡಸು. ನರ್ಸಿನ ಕೆಲಸವನ್ನು ಗಂಡಸರೂ ಮಾಡುತ್ತಾರೆ ಎನ್ನುವುದು ನನಗೆ ಅವತ್ತು ತಿಳಿಯಿತು. ಆಮೇಲೆ ಹತ್ತನೆಯದನ್ನು ಇಪ್ಪತ್ತೆರಡನೆಯ ವಯಸ್ಸಿಗೆ ಪಾಸಾದೆ, ಹನ್ನೆರಡನೆಯದನ್ನು ಇಪ್ಪತ್ತೈದಕ್ಕೆ. ಸಾಂಗಲಿಯಲ್ಲಿ ಮೂರು ವರ್ಷದ ನರ್ಸಿಂಗ್ ಕೋರ್ಸು ಮುಗಿಯುವ ಹೊತ್ತಿಗೆ ವಯಸ್ಸು ಮೂವತ್ತರ ಹತ್ತಿರ ಬಂದಿತ್ತು. ಕ್ಲಾಸಿನ ಹುಡುಗಿಯರು ನನ್ನನ್ನು ಕಾಕಾ ಎಂದೇ ಕರೆಯುತ್ತಿದ್ದರು. ಕೊನೆಗೆ ಮಹಾರಾಷ್ಟ್ರದ ಕೌನ್ಸಿಲ್ಲಿನಿಂದ, ಫೋಟೊದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಶಿಕ್ಕಾ ಬಿದ್ದಿದ್ದ ಒಂದು ಸರ್ಟಿಫಿಕೇಟು ಬಂತು. ಇವನು ನೋಂದಾಯಿತ ನರ್ಸು ಎಂದು ಅದರಲ್ಲಿ ಬರೆದಿತ್ತು. ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಟ್ಟಿಲ್ಲ.

ಅದೇ ವರ್ಷ ಮದುವೆಯಾಯಿತು. ಹೆಂಡತಿ ಶಲವಡಿಯಲ್ಲಿ ಅಂಗನವಾಡಿ ಟೀಚರ್. ಊರು ಬಿಟ್ಟರೆ ಅವಳು ಕೆಲಸ ಬಿಟ್ಟಂತೆಯೇ. ತಾಯಿ ಇಲ್ಲದ ಮನೆ, ತಂದೆಗೆ ಒಬ್ಬಳೇ ಮಗಳು. ಹೀಗಾಗಿ ನಾನೇ ಬಂದೆ. ಮೊದಲ ವಾರ ಕಟ್ಟೆಯ ಮೇಲೆ ಕೂತವರು ಮಾವನನ್ನು ಕೆಣಕುತ್ತಿದ್ದರು.

“ಏನ್ ಕಾಕಾ, ಮಗಳನ್ನ ಕೊಟ್ಟು ಕಳಸ್ತೀರಿ ಅಂತ ಮಾಡಿದ್ವಿ. ಅಳಿಯನ್ನ ದತ್ತಕ ತಗೊಂಡ್ರೇನ?”

“ಹೌದಲೇ. ನಿಮ್ಮ ಮನಿಗೂ ಓದಿದಾಂವ ಒಬ್ಬಾಂವ ಬೇಕಾಗಿದ್ರ ಹುಡುಕ್ಕೊಂಡ್ ಬರ್ರಿ.”

ಮಾವನಿಗೆ ನನ್ನ ಓದಿನ ಬಗ್ಗೆ ನನಗಿಂತ ಹೆಚ್ಚು ಹೆಮ್ಮೆ. ಆ ಹೆಮ್ಮೆಯಿಂದಲೇ ಮುಂದಿನ ಫಜೀತಿ ಎಲ್ಲ ಆದದ್ದು.

ನವಲಗುಂದದಲ್ಲಿ ಬಸ್ ಸ್ಟ್ಯಾಂಡಿಗೆ ಸಮೀಪ ಒಂದು ಖಾಸಗಿ ಆಸ್ಪತ್ರೆ. ಹತ್ತು ಮಂಚ, ಒಬ್ಬರು ಡಾಕ್ಟರು. ಅಲ್ಲಿದ್ದ ಇಬ್ಬರು ನರ್ಸುಗಳಲ್ಲಿ ಒಬ್ಬಾಕೆ ಮದುವೆಯಾಗಿ ಹೋಗಿದ್ದಳು. ಆ ಜಾಗ ಖಾಲಿ ಇದೆ ಎಂದು ಕೇಳಿ ಹೋದೆ. ಡಾಕ್ಟರು ನನ್ನ ಫೈಲನ್ನು ನಿಧಾನವಾಗಿ ತಿರುವಿ ನೋಡಿದರು.

“ಓದಿದ್ದು ಚಲೋ ಐತಿ. ಆದ್ರ ನಿಮ್ಮ ನಂಬರ್ ಮಹಾರಾಷ್ಟ್ರದ್ದಲ್ರೀ. ಇಲ್ಲಿ ಕೆಲಸ ಮಾಡಾಕ ಕರ್ನಾಟಕದ ನಂಬರ್ ಬೇಕು.”

ನನಗೆ ಅದು ಗೊತ್ತಿತ್ತು. ಹಳೆಯ ರಾಜ್ಯದ ಕೌನ್ಸಿಲ್ಲಿನಿಂದ ‘ಇವನು ಅಲ್ಲಿಗೆ ಹೋಗಲು ನಮ್ಮ ತಕರಾರಿಲ್ಲ’ ಎನ್ನುವ ಪತ್ರ ತರಬೇಕು. ಅದನ್ನು ಇಲ್ಲಿಯ ಕೌನ್ಸಿಲ್ಲಿಗೆ ಕೊಟ್ಟರೆ ಹೊಸ ನಂಬರ್ ಸಿಗುತ್ತದೆ. ಅರ್ಜಿ ಹಾಕುತ್ತೇನೆ ಎಂದೆ.

“ಹಾಕ್ರಿ. ಅಲ್ಲೀತನಕ ಕೆಲಸಾ ಶುರು ಮಾಡ್ರಿ. ಕಾಗದ ಆಮ್ಯಾಲೆ ಬರ್ತಾವ,” ಎಂದರು ಡಾಕ್ಟರು.

ಆಗ ಬಾಗಿಲ ಹತ್ತಿರದಿಂದ ಒಂದು ದನಿ ಬಂತು.

“ಶುರು ಮಾಡ್ಲಿ ಡಾಕ್ಟ್ರ. ಆದ್ರ ಸೂಜಿ ಮುಟ್ಟೂದು ಬ್ಯಾಡ.”

ಅವರು ಆ ಆಸ್ಪತ್ರೆಯ ಹಿರಿಯ ನರ್ಸು. ಐವತ್ತೇಳು ಐವತ್ತೆಂಟು ವಯಸ್ಸು, ಸಣ್ಣ ಮೈಕಟ್ಟು. ಸೀರೆಯ ಮೇಲೆ ಬಿಳಿ ಕೋಟು, ಕಾಲಲ್ಲಿ ಹವಾಯಿ ಚಪ್ಪಲಿ. ಸುತ್ತಲಿನ ಹಳ್ಳಿಯ ಮಂದಿಗೆಲ್ಲ ಅವರು ನರ್ಸಬಾಯಿ. ಡಾಕ್ಟರು ಅವರತ್ತ ನೋಡಿ ಹೂಂ ಎಂದು ತಲೆಯಾಡಿಸಿದರು. ಈ ಆಸ್ಪತ್ರೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ನನಗೆ ಅಲ್ಲೇ ಗೊತ್ತಾಯಿತು.

“ದೀಪಾವಳಿ ತನಕ ಜಾಗಾ ಇಡೂಣ್ರಿ,” ಎಂದರು ನರ್ಸಬಾಯಿ. “ಅಷ್ಟರಾಗ ನಂಬರ್ ಬಂದ್ರ ಈ ತಮ್ಮಂದು. ಬರಲಿಲ್ಲ ಅಂದ್ರ ಗದಗಿನ ಹುಡುಗಿ ಕೇಳಾಕತ್ತಾಳ, ಆಕಿಗೆ ಕೊಡೂಣು. ಲೈಸನ್ಸ್ ಇರೂ ನರ್ಸ್ ಇನ್ನೊಬ್ರು ಇಲ್ಲ ಅಂದ್ರ ನಾ ಎಷ್ಟಂತ ನಿಂದರ್ಲಿ?”

ಹೀಗೆ ನನಗೆ ಒಂದು ಗಡುವು ಬಿತ್ತು. ಅದು ತಪ್ಪಿದರೆ ಏನಾಗುತ್ತದೆ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಕಾಗದ ನಡೆಯುವ ಸಾಂಗಲಿಗೆ ನಾನು ವಾಪಸ್ ಹೋಗಬೇಕು. ಹೆಂಡತಿ ಇಲ್ಲಿ, ನಾನು ಅಲ್ಲಿ. ಮದುವೆಯಾಗಿ ಇನ್ನೂ ಐದು ತಿಂಗಳಾಗಿರಲಿಲ್ಲ.

ಮರುದಿನವೇ ಕೆಲಸಕ್ಕೆ ಹೋದೆ. ಕೆಲಸ ಎಂದರೆ ಆಯಾಗಳು ಮಾಡುವ ಕೆಲಸ. ಮಂಚದ ಬಟ್ಟೆ ಬದಲಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಆಪರೇಷನ್ ಆದವರನ್ನು ಹಿಡಿದು ನಡೆಸುವುದು. ಮೂರು ವರ್ಷ ಓದಿ ಇದನ್ನು ಮಾಡಬೇಕೇ ಎಂದು ಮೊದಲ ದಿನ ಮನಸ್ಸಿಗೆ ಬಂತು. ಎರಡನೆಯ ದಿನ ನರ್ಸಬಾಯಿ ಅದೇ ಕೆಲಸವನ್ನು ಮಾಡುವುದನ್ನು ನೋಡಿದ ಮೇಲೆ ಆ ವಿಚಾರ ಹೋಯಿತು. ಹಾಸಿಗೆಯಲ್ಲಿರುವ ಮುದುಕಿಯನ್ನು ಎಬ್ಬಿಸದೇ ಅವಳ ಕೆಳಗಿನ ಚಾದರ ಬದಲಿಸುತ್ತಿದ್ದರು. ಆಕೆ ಮಾತಾಡುತ್ತಲೇ ಇದ್ದಳು. ಚಾದರ ಬದಲಾದದ್ದು ಆಕೆಗೆ ಗೊತ್ತೇ ಆಗಲಿಲ್ಲ.

ಮಂದಿಗೆ ನಾನು ಯಾರು ಎನ್ನುವುದೇ ಒಗಟಾಗಿತ್ತು. ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

“ಯಪ್ಪಾ, ನೀ ಡಾಕ್ಟ್ರೇನ?”

“ಅಲ್ಲಬೇ ಯಮ್ಮಾ. ನರ್ಸ್.”

“ಗಂಡ್ ನರ್ಸಬಾಯೀನ?” ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. “ಇಷ್ಟೆತ್ತರ ಬೆಳದಿ, ಬ್ಯಾರೆ ಕೆಲಸಾ ಸಿಗಲಿಲ್ಲೇನೋ?”

ಪಕ್ಕದ ಮಂಚದಲ್ಲಿ ಔಷಧ ಕೊಡುತ್ತಿದ್ದ ನರ್ಸಬಾಯಿ ತಿರುಗಿ ನೋಡದೆಯೇ ಹೇಳಿದರು. “ಇಷ್ಟೆತ್ತರ ಇರೂದಕ್ಕ ನಿನ್ನೆ ನಿನ್ನ ತಾನೊಬ್ಬನ ಎತ್ತಿ ಮಂಚಕ್ಕ ಹಾಕಿದ್ನಬೇ. ನನ್ನ ಕೈಲೆ ಆಗ್ತಿತ್ತೇನ?”

ಅಜ್ಜಿ ಅವತ್ತಿನಿಂದ ನನ್ನನ್ನೇ ಕರೆಯತೊಡಗಿದಳು.

ನರ್ಸಬಾಯಿಯ ಕೆಲಸದ ರೀತಿ ಹೇಳಿ ಮುಗಿಯುವಂಥದ್ದಲ್ಲ. ಯಾವ ಬಾಟಲಿ ಕೈಗೆ ತೆಗೆದುಕೊಂಡರೂ ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ದಿನಕ್ಕೆ ಇಪ್ಪತ್ತು ಸಲ ತೆಗೆಯುವ ಬಾಟಲಿಯಾದರೂ ಅಷ್ಟೇ. ಒಮ್ಮೆ ಕೇಳಿದೆ.

“ಮೂವತ್ತು ವರ್ಷ ಆತಲ್ರೀ ಬಾಯಾರ, ಇನ್ನೂ ಓದಬೇಕೇನ್ರಿ?”

“ನಂದು ಮೂವತ್ತು ವರ್ಷ ಆಗೇತಿ ಅಂತ ಬಾಟ್ಲಿಗೇನ್ ಗೊತ್ತು?”

ಅವರದು ಅಣ್ಣಿಗೇರಿ ಕಡೆಯ ಬೌದ್ಧ ಮನೆತನ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಲವು ಮನೆಯವರು ಅವರ ಕೈಯಿಂದ ಇಂಜೆಕ್ಷನ್ ಮಾಡಿಸಿಕೊಳ್ಳುತ್ತಿದ್ದರಂತೆ, ನೀರು ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲವಂತೆ. ಇದನ್ನು ನನಗೆ ಹೇಳಿದವರು ಅವರಲ್ಲ, ಆಯಾ. ನಾನು ಕೇಳಿದಾಗ ನರ್ಸಬಾಯಿ ಒಂದೇ ಮಾತು ಹೇಳಿದರು. “ಗುಳಿಗಿ ನುಂಗಾಕ ನೀರು ಬೇಕ ಬೇಕಲ್ಲೋ ತಮ್ಮಾ. ಕೈಗೆ ಸಿಗೂ ಹಂಗ ತಂಬಗಿ ಇಟ್ಟು ಬರ್ತಿದ್ದೆ. ಕುಡೀತಿದ್ರು.” ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಮರೆತ ಹಾಗೂ ಇರಲಿಲ್ಲ.

ಒಂದು ದಿನ ತೊಂಬತ್ತರ ಸಮೀಪದ ಅಜ್ಜನೊಬ್ಬನ ಕೈಮೇಲೆ ಹಚ್ಚಿದ್ದ ಅಂಟುಪಟ್ಟಿಯನ್ನು ತೆಗೆಯಲು ನನಗೆ ಹೇಳಿದರು. ಅಜ್ಜನ ಚರ್ಮ ಈರುಳ್ಳಿಯ ಸಿಪ್ಪೆಯ ಹಾಗಿತ್ತು. ನಾನು ಪಟ್ಟಿಯ ತುದಿ ಹಿಡಿದು ಮೇಲಕ್ಕೆ ಎತ್ತಿದ್ದೇ ಅವರು ನನ್ನ ಮಣಿಕಟ್ಟು ಹಿಡಿದರು.

“ಪಟ್ಟಿ ಎಳೀಬಾರದು. ಪಟ್ಟಿ ಸುಮ್ಕ ಮಡಚಿ ಹಿಡ್ಕೊ. ಇನ್ನೊಂದು ಕೈಲೆ ಚರ್ಮಾನ ಹಿಂದಕ್ಕ ಒತ್ತು. ಪಟ್ಟಿ ಬಿಟ್ಟು ಚರ್ಮ ಸರೀಬೇಕು, ಚರ್ಮ ಬಿಟ್ಟು ಪಟ್ಟಿ ಅಲ್ಲ.”

ಅವರು ಮಾಡಿ ತೋರಿಸಿದರು. ಪಟ್ಟಿಯನ್ನು ಅದರ ಮೇಲೇ ಮಡಚಿ, ಚರ್ಮಕ್ಕೆ ತಾಗುವಷ್ಟು ತಗ್ಗಿಸಿ ಹಿಡಿದು, ಹೆಬ್ಬೆರಳಿನಿಂದ ಕೂದಲೆಳೆಯಷ್ಟೇ ಚರ್ಮವನ್ನು ಹಿಂದೆ ಸರಿಸುತ್ತ ಹೋದರು. ಪೂರ್ತಿ ಬಿಡಲು ಐದು ನಿಮಿಷ ಹಿಡಿದಿರಬೇಕು. ಅಜ್ಜ ಅಷ್ಟರಲ್ಲಿ ನಿದ್ದೆ ಹೋಗಿದ್ದ.

ಈ ನಡುವೆ ನನ್ನ ಅರ್ಜಿ ಮುಂಬೈಗೆ ಹೋಗಿತ್ತು. ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಎಲ್ಲ ತುಂಬಿದ್ದೆ. ಮೂಲ ಸರ್ಟಿಫಿಕೇಟು ಹಿಡಿದುಕೊಂಡು ಖುದ್ದಾಗಿ ಬರಬೇಕು ಎಂದು ಫೋನಿಗೆ ಮೆಸೇಜು ಬಂತು. ಹೊರಡುವ ಹಿಂದಿನ ಸಂಜೆ ಮನೆಗೆ ಬಂದರೆ ಮಾವ ಹೊಸ ಅಂಗಿ ತೊಟ್ಟು ನಡುಮನೆಯಲ್ಲಿ ನಗುತ್ತ ಕೂತಿದ್ದರು. ಅವರ ಮುಂದೆ ನನ್ನ ಸರ್ಟಿಫಿಕೇಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

“ಅಳಿಯಂದ್ರ, ನೋಡ್ರಿಲ್ಲೆ. ಅಣ್ಣಿಗೇರಿಗೆ ಹೋಗಿ ಲ್ಯಾಮಿನೇಷನ್ ಮಾಡಿಸ್ಕೊಂಡ್ ಬಂದೀನಿ. ಅಗದಿ ದಪ್ಪಂದು ಹಾಕು ಅಂದೆ. ಇನ್ನ ನೂರು ವರ್ಷ ಏನೂ ಆಗೂದಿಲ್ಲ.”

ನಮ್ಮ ಮನೆಯಲ್ಲಿ ಲ್ಯಾಮಿನೇಷನ್ ಆಗದ ಕಾಗದವೇ ಇಲ್ಲ. ಹಿಂದೊಮ್ಮೆ ಟ್ರಂಕಿಗೆ ಇಲಿ ಹೊಕ್ಕು ಹೊಲದ ಕಾಗದ ಕಡಿದಿತ್ತಂತೆ. ಅಂದಿನಿಂದ ಮಾವ ಹೊಲದ ಪಹಣಿ ಉತಾರ, ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡು, ಎತ್ತು ಕೊಂಡ ಚೀಟಿ, ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಸಿಬಿಟ್ಟಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಇದು ಎಲ್ಲರ ಮನೆಯ ಪದ್ಧತಿ. ಮಹತ್ವದ ಕಾಗದ ಎಂದರೆ ಲ್ಯಾಮಿನೇಷನ್ ಆಗಿರಲೇಬೇಕು. ಹೀಗಾಗಿ ಆ ಸಂಜೆ ನನಗೂ ಏನೂ ಅನಿಸಲಿಲ್ಲ. ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು.

ಮುಂಬೈಯ ಕೌಂಟರಿನಲ್ಲಿ ಕೂತಿದ್ದ ಹೆಣ್ಣುಮಗಳು ಸರ್ಟಿಫಿಕೇಟನ್ನು ತಿರುಗಿಸಿ, ಹಿಂಬದಿಗೆ ಉಗುರು ಎಳೆದು ನೋಡಿದರು. ಇದನ್ನು ಯಾಕೆ ಮಾಡಿಸಿದಿರಿ ಎಂದು ಮರಾಠಿಯಲ್ಲಿ ಕೇಳಿದರು. ಬೇರೆ ರಾಜ್ಯಕ್ಕೆ ಹೋಗುವವರ ಮೂಲ ಕಾಗದದ ಬೆನ್ನಿಗೆ ಶಿಕ್ಕಾ ಹಾಕಿ ಸಹಿ ಮಾಡಬೇಕು, ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲುವುದಿಲ್ಲ ಎಂದರು. ಪ್ಲಾಸ್ಟಿಕ್ ಬಿಡಿಸಿಕೊಂಡು ಬನ್ನಿ, ಹರಿದರೆ ಡೂಪ್ಲಿಕೇಟಿಗೆ ಅರ್ಜಿ ಹಾಕಬೇಕಾಗುತ್ತದೆ, ಅದಕ್ಕೆ ಬಹಳ ದಿನ ಬೇಕು ಎಂದೂ ಹೇಳಿದರು. ಒಳ್ಳೆಯ ಮನುಷ್ಯರು. ನನ್ನ ಮುಖ ನೋಡಿ ತಮ್ಮ ನೀರಿನ ಬಾಟಲಿಯನ್ನು ಮುಂದೆ ಸರಿಸಿದರು.

ದೀಪಾವಳಿಗೆ ಇನ್ನು ಎರಡು ತಿಂಗಳಿಗೂ ಕಡಿಮೆ ಉಳಿದಿತ್ತು.

ವಾಪಸ್ ಬಂದು ಮನೆಯಲ್ಲಿ ಹೇಳಿದೆ. ಮಾವ ಎದ್ದು ಹೊರಗೆ ಹೋಗಿ ಎತ್ತಿನ ಹತ್ತಿರ ನಿಂತರು. ಆ ರಾತ್ರಿ ಊಟಕ್ಕೂ ಬರಲಿಲ್ಲ. “ಅಪ್ಪನ್ನ ಬೈಬ್ಯಾಡ್ರಿ,” ಎಂದಳು ಹೆಂಡತಿ. ನಾನು ಬಯ್ದಿರಲಿಲ್ಲ. ಬಯ್ದಿದ್ದರೆ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಆಸ್ಪತ್ರೆಗೆ ಹೊಂದಿಕೊಂಡೇ ಔಷಧದ ಅಂಗಡಿ. ಅಂಗಡಿಯವನು ಸುದ್ದಿ ಕೇಳಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಅದಕ್ಯಾಕ ಇಷ್ಟು ಕಾಳಜಿ ಮಾಡ್ತೀರಿ ಬ್ರದರ್? ಬಸ್‌ನ್ಯಾಗ ಕಳದೈತಿ ಅಂತ ಸ್ಟೇಷನ್‌ಗೆ ಒಂದು ಅರ್ಜಿ ಕೊಡ್ರಿ. ಆ ಕಾಗದ ತೋರ್ಸಿದ್ರ ಡೂಪ್ಲಿಕೇಟ್ ಲಗೂನ ಸಿಗ್ತೈತಿ. ಈ ಪ್ಲಾಸ್ಟಿಕ್ ಒಲಿಗೆ ಹಾಕ್ರಿ.”

ನನಗೆ ಅದು ಸರಿ ಎನಿಸಿಬಿಟ್ಟಿತು. ಇದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ? ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಇದ್ದದ್ದು ಸಾಂಗಲಿಯ ಬಸ್ಸು ಒಂದೇ. ಅರ್ಜಿ ಬರೆಯಲು ಹಾಳೆಯನ್ನೂ ತೆಗೆದುಕೊಂಡೆ. ನರ್ಸಬಾಯಿ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು.

“ಏನ್ ಬರೀತಿ?”

“ಕಳದೈತಿ ಅಂತ್ರೀ.”

“ಕಳದೈತೇನು?”

ನಾನು ಹಾಳೆಯತ್ತ ನೋಡಿದೆ.

“ನಾಳೆ ಹತ್ತು ಮಂದಿದು ಬಿಪಿ ನೋಡೂದು ಇರ್ತೈತಿ. ನಿನಗ ಬ್ಯಾಸರಕಿ. ಒಂಬತ್ತು ಮಂದೀದು ನೋಡಿ ಹತ್ತನೇದಕ್ಕ ಸುಮ್ಕ ಒಂದು ನಂಬರ್ ಬರೀತಿ. ಯಾರಿಗೂ ಗೊತ್ತಾಗೂದಿಲ್ಲ. ಆ ಹತ್ತನೇಯವ್ನ ತಲಿಗೆ ರಕ್ತ ಏರಿರ್ತೈತಿ. ತಮ್ಮಾ, ನಮ್ಮ ಕೆಲಸದಾಗ ಬರದಿದ್ದ ಖರೇ. ನರ್ಸ್ ಆಗಿ ಈ ಊರಾಗ ನೀ ಬರಿಯೂ ಮೊದಲನೇ ಕಾಗದ ಇದ ಆಗ್ಬೇಕೇನು?”

ಅಂಗಡಿಯವನು ತಲೆ ಒಳಗೆ ಎಳೆದುಕೊಂಡ. ನಾನು ಹಾಳೆಯನ್ನು ಮಡಚಿ ಜೇಬಿಗೆ ಹಾಕಿದೆ. ಇಷ್ಟು ವರ್ಷ ಓದಿದ ಪುಸ್ತಕಗಳಲ್ಲಿ ಈ ಮಾತು ಎಲ್ಲೋ ಇದ್ದಿರಬೇಕು. ನನಗೆ ತಿಳಿದದ್ದು ಆ ಸ್ಟೂಲಿನ ಮುಂದೆ.

ಆಮೇಲೆ ಅವರು ತಮ್ಮ ಕಪಾಟು ತೆಗೆದು ಒಂದು ಕಾಗದದ ಲಕೋಟೆ ತಂದರು. ಒಳಗೆ ಅವರ ಸರ್ಟಿಫಿಕೇಟು. ಮಡಿಕೆಗಳಲ್ಲಿ ಸವೆದು ಹಳದಿಯಾಗಿತ್ತು. ತಿರುಗಿಸಿ ತೋರಿಸಿದರು. ಬೆನ್ನ ತುಂಬ ಶಿಕ್ಕಾ, ಸಹಿ, ಮತ್ತೆ ಶಿಕ್ಕಾ.

“ಪ್ರತಿ ಸಲ ರಿನೀವಲ್ ಮಾಡಿಸಿದ್ದು. ಇದು ಗ್ವಾಡಿಗೆ ಹಾಕೂ ಕಾಗದ ಅಲ್ಲೋ. ದುಡಿಯೂ ಕಾಗದ. ಬೆನ್ನು ತೆರದಿರಬೇಕು.” ಆಮೇಲೆ ನನ್ನ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಬಿಡಸೂಣು. ಆದ್ರ ಇದನ್ನ ಮೊದಲ ಮುಟ್ಟೂದಿಲ್ಲ. ಅದ ಅಂಗಡಿಯಾಗ, ಅದ ಮಷಿನ್‌ನ್ಯಾಗ ನಾಕು ಜೆರಾಕ್ಸ್ ಲ್ಯಾಮಿನೇಷನ್ ಮಾಡಿಸ್ಕೊಂಡ್ ಬಾ.”

ನಾನು ಹೋಗಬೇಕಾಗಲಿಲ್ಲ. ಮಾವ ಮರುದಿನ ಬೆಳಗಿನ ಮೊದಲ ಬಸ್ಸಿಗೇ ಅಣ್ಣಿಗೇರಿಗೆ ಹೋಗಿ, ಮಧ್ಯಾಹ್ನ ನವಲಗುಂದದ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ನಾಲ್ಕು ಲ್ಯಾಮಿನೇಷನ್ ಜೆರಾಕ್ಸು. ಚಪ್ಪಲಿಯನ್ನು ಹೊರಗೇ ಬಿಟ್ಟು, ಗುಡಿಗೆ ಬಂದವರ ಹಾಗೆ ಒಳಗೆ ಬಂದರು.

ಎರಡರಿಂದ ನಾಲ್ಕು ಗಂಟೆ ಪೇಶಂಟುಗಳು ಕಡಿಮೆ ಇರುವ ಹೊತ್ತು. ನರ್ಸಬಾಯಿ ಕಿಟಕಿಯ ಹತ್ತಿರ ಟೇಬಲ್ಲು ಎಳೆಸಿಕೊಂಡರು. ಆಸ್ಪತ್ರೆಯ ಇಸ್ತ್ರಿ ಪೆಟ್ಟಿಗೆ ತರಿಸಿ, ಬಿಸಿಯನ್ನು ಎಲ್ಲಕ್ಕಿಂತ ಕೆಳಗೆ ಇಟ್ಟರು. ಮೊದಲನೆಯ ಜೆರಾಕ್ಸಿನ ಮೇಲೆ ಬಟ್ಟೆ ಹಾಕಿ ಬೆಚ್ಚಗೆ ಮಾಡಿ, ಮುಂಬದಿಯ ಪ್ಲಾಸ್ಟಿಕ್ಕಿನ ಮೂಲೆ ಎತ್ತಿದರು. ಪ್ಲಾಸ್ಟಿಕ್ ಬಂತು. ಅದರ ಜೊತೆಗೆ ಅಕ್ಷರಗಳೂ ಬಂದವು. ಕಾಗದ ಬೆಳ್ಳಗೆ ಉಳಿಯಿತು, ನನ್ನ ಹೆಸರು ಪ್ಲಾಸ್ಟಿಕ್ಕಿನ ಮೇಲೆ ಉಲ್ಟಾ ಕಾಣುತ್ತಿತ್ತು. ಮಾವ ‘ಶಿವನೇ’ ಎಂದು ತಲೆಯ ಮೇಲೆ ಕೈ ಇಟ್ಟುಕೊಂಡರು.

ಎರಡನೆಯದೂ ಹಾಗೇ ಆಯಿತು. ನರ್ಸಬಾಯಿ ಪೆಟ್ಟಿಗೆಯನ್ನು ಬದಿಗಿಟ್ಟು ಯೋಚಿಸುತ್ತ ಕೂತರು. ಆಮೇಲೆ ಕೇಳಿದರು.

“ಶಿಕ್ಕಾ ಎಲ್ಲಿ ಹಾಕ್ಬೇಕಂದ್ರು?”

“ಬೆನ್ನಿಗ್ರಿ.”

“ಮತ್ತ ನಾ ಯಾಕ ಮುಂದ ಕೆದರಾಕತ್ತೀನಿ?” ಎಂದು ತಮ್ಮ ಹಣೆಗೆ ತಾವೇ ಬಡಿದುಕೊಂಡರು. “ಗಾಯ ಇದ್ದಷ್ಟ ಪಟ್ಟಿ ಬಿಚ್ಚಬೇಕು ಅಂತ ನಾನ ಎಲ್ಲಾರಿಗೂ ಹೇಳ್ತೀನಿ. ಫೋನ್ ಹಚ್ಚು ಮುಂಬೈಗೆ. ಬೆನ್ನು ಒಂದ ತೆರದ್ರ ನಡೀತೈತೇನು ಕೇಳು.”

ಫೋನು ಹಚ್ಚಿದೆ. ಕೌಂಟರಿನ ಆ ಹೆಣ್ಣುಮಗಳೇ ಸಿಕ್ಕರು. ನಡೆಯುತ್ತದೆ, ಶಾಯಿ ಕಾಗದದ ಮೇಲೆ ಬಿದ್ದರೆ ಸಾಕು ಎಂದರು.

ಮೂರನೆಯ ಜೆರಾಕ್ಸಿನ ಬೆನ್ನು ನಡುವೆ ಹರಿಯಿತು. ನಾಲ್ಕನೆಯದು ಹರಿಯದೆ ಇಡಿಯಾಗಿ ಬಂತು. ಆದರೂ ಅವರಿಗೆ ಸಮಾಧಾನವಿಲ್ಲ. ಜೆರಾಕ್ಸ್ ಹಾಳೆ ಬೇರೆ, ಸರ್ಟಿಫಿಕೇಟಿನ ದಪ್ಪ ಕಾಗದ ಬೇರೆ ಎಂದರು. ಆಗ ಮಾವ ಧೋತರದ ಸೊಂಟದಿಂದ ಒಂದು ವಸ್ತು ತೆಗೆದು ಟೇಬಲ್ಲಿನ ಮೇಲೆ ಇಟ್ಟರು. ಅವರ ಹೊಲದ ಹಳೆಯ ಉತಾರ. ಅವರ ತಂದೆಯ ಹೆಸರಿದ್ದ, ಕೈಬರಹದ, ದಪ್ಪ ಕಾಗದದ್ದು. ಇಲಿ ಕಡಿದ ಗುರುತು ಪ್ಲಾಸ್ಟಿಕ್ಕಿನ ಒಳಗೆ ಕಾಣುತ್ತಿತ್ತು.

“ಇದರ ಮ್ಯಾಲ ಮೊದಲ ಕೈ ನೋಡ್ರಿ ಬಾಯಾರ.”

“ಯಜಮಾನ್ರ, ಇದು ಹೊಲದ ಕಾಗದ. ಹರದ್ರ?”

“ಹೊಲ ಎಲ್ಲಿ ಹೋಗ್ತೈತ್ರಿ? ಅಲ್ಲೇ ಇರ್ತೈತಿ. ಅಳಿಯಂದ್ರು ಹೋಗ್ತಾರ.”

ನರ್ಸಬಾಯಿ ಅವರ ಮುಖವನ್ನೇ ನೋಡಿದರು. ಆಮೇಲೆ ಎರಡೂ ಕೈಯಿಂದ ಉತಾರವನ್ನು ತೆಗೆದುಕೊಂಡರು. ಅದರ ಬೆನ್ನು ಪೂರ್ತಿಯಾಗಿ ಬಿಟ್ಟಿತು. ಒಂದು ಮೂಲೆಯಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಕಾಗದ ಹೋಯಿತು. ಮಾವ ಅದನ್ನು ನೋಡಲೇ ಇಲ್ಲ. ಅವರ ಕಣ್ಣು ನನ್ನ ಸರ್ಟಿಫಿಕೇಟಿನ ಮೇಲಿತ್ತು.

ಅದನ್ನು ಬಿಡಿಸಿದ್ದನ್ನು ನಾನು ನನ್ನ ಜೀವ ಇರುವವರೆಗೆ ಮರೆಯುವುದಿಲ್ಲ. ಬೆಚ್ಚಗೆ ಮಾಡಿ ಮಗುಚಿ ಹಾಕಿದರು. ಬ್ಲೇಡಿನಿಂದ ಅಂಚನ್ನು ಸೀಳಿ, ಬೆನ್ನಿನ ಪ್ಲಾಸ್ಟಿಕ್ಕಿನ ತುದಿಯನ್ನು ಅದರ ಮೇಲೇ ಮಡಚಿ ತಗ್ಗಿಸಿ ಹಿಡಿದರು. ಎಡಗೈಯ ಹೆಬ್ಬೆರಳಿನಿಂದ ಕಾಗದವನ್ನು ಒತ್ತಿ ಒತ್ತಿ ಹಿಂದೆ ಸರಿಸತೊಡಗಿದರು. ಎಳೆಯಲೇ ಇಲ್ಲ. ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು. ತಣ್ಣಗಾದರೆ ನಿಲ್ಲಿಸಿ ಮತ್ತೆ ಬೆಚ್ಚಗೆ ಮಾಡುವುದು. ಫೋಟೊ ಅಂಟಿಸಿದ ಜಾಗದ ಹಿಂದೆ ಬಂದಾಗ ಕಾಗದ ಉಬ್ಬಿ ಒಂದು ನವಿರು ಪದರ ಮೇಲೆದ್ದಿತು. ಅವರು ಉಸಿರು ಬಿಗಿಹಿಡಿದು, ಆ ದಿಕ್ಕು ಬಿಟ್ಟು ಬೇರೆ ಬದಿಯಿಂದ ಬಂದರು. ಪದರ ಮತ್ತೆ ಕೂತಿತು. ಡಾಕ್ಟರು ಊಟ ಮುಗಿಸಿ ಬಂದವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಅಂಗಡಿಯವನು ಗಿರಾಕಿಯನ್ನು ಬಿಟ್ಟು ಕಿಟಕಿಯಲ್ಲಿ ಇಣುಕುತ್ತಿದ್ದ.

ಕೊನೆಯ ಬೆರಳಗಲದಷ್ಟು ಬಿಟ್ಟಾಗ ಗಂಟೆ ನಾಲ್ಕಾಗಿತ್ತು. ನರ್ಸಬಾಯಿ ಪ್ಲಾಸ್ಟಿಕ್ಕನ್ನು ಕಸದ ಡಬ್ಬಿಗೆ ಹಾಕಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ತಗೋ. ಹೋಗ್ರಿನ್ನ ಎಲ್ಲಾರೂ. ಪೇಶಂಟ್ ಬರೂ ಹೊತ್ತಾತು.”

ಮಾವ ಅವರ ಕಾಲಿಗೆ ಬಾಗಲು ಹೋದರು. ಅವರು ಎರಡು ಹೆಜ್ಜೆ ಹಿಂದೆ ಸರಿದು, “ಹೇ ಹೇ, ಯಜಮಾನ್ರ, ಬ್ಯಾಡ್ರಿ. ಇನ್ನ ಮ್ಯಾಲ ಎತ್ತಿನ ಚೀಟಿ ಅಷ್ಟ ಲ್ಯಾಮಿನೇಷನ್ ಮಾಡಸ್ರಿ,” ಎಂದರು. ಮೂರು ದಿನದ ಮೇಲೆ ಮಾವ ಮೊದಲ ಸಲ ನಕ್ಕರು.

ಮುಂಬೈಯಲ್ಲಿ ಶಿಕ್ಕಾ ಬಿತ್ತು. ಪತ್ರ ಸಿಕ್ಕಿತು. ಬೆಂಗಳೂರಿಗೆ ಅರ್ಜಿ ಹೋಯಿತು. ಅಲ್ಲಿಗೂ ಒಮ್ಮೆ ಹೋಗಿ ಕಾಗದ ತೋರಿಸಿ ಬಂದೆ. ದಿನಗಳು ಕಡಿಮೆಯಾಗುತ್ತ ಬಂದವು. ಗದಗಿನ ಹುಡುಗಿ ಎರಡು ಸಲ ಫೋನು ಮಾಡಿದಳು. ನರ್ಸಬಾಯಿ ಪ್ರತಿ ಸಲ “ಹಬ್ಬದ ತನಕ ತಡೀವಾ” ಎನ್ನುತ್ತಿದ್ದರು. ಆಮೇಲೆ ಆಕೆಗೆ ಕುಂದಗೋಳದ ಒಂದು ಆಸ್ಪತ್ರೆಯ ವಿಳಾಸವನ್ನೂ ಕೊಟ್ಟರು. ನನ್ನ ಸಲುವಾಗಿ ಇನ್ನೊಬ್ಬರನ್ನು ಸುಮ್ಮನೆ ಕಾಯಿಸುವುದು ಅವರಿಗೆ ಆಗುತ್ತಿರಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಒಬ್ಬರ ಮೈ ಒರೆಸುತ್ತಿದ್ದಾಗ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಕೈ ತೊಳೆದು ನೋಡಿದೆ. ಕರ್ನಾಟಕದ ನಂಬರು. ನರ್ಸಬಾಯಿಗೆ ತೋರಿಸಿದೆ.

“ಫೋನ್‌ನ್ಯಾಗಿಂದು ನಡಿಯೂದಿಲ್ಲ. ಪ್ರಿಂಟ್ ತಗೊಂಡ್ ಬಾ.”

ಓಡಿದೆ. ಪ್ರಿಂಟು ತಂದೆ. ಅವರು ಒಂದೊಂದೇ ಅಂಕಿಯನ್ನು ಫೋನಿನ ಜೊತೆ ತಾಳೆ ನೋಡಿ, ಡ್ಯೂಟಿ ರಿಜಿಸ್ಟರಿನಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ನಂಬರನ್ನೂ ಬರೆದರು. ಹೆಂಡತಿಗೆ ಫೋನು ಮಾಡಿದರೆ ಅವಳ ಹಿಂದೆ ಅಂಗನವಾಡಿಯ ಮಕ್ಕಳ ಗಲಾಟೆ. “ಬಂತ್ರೇನು? ಖರೇನ?” ಎಂದು ಎರಡು ಸಲ ಕೇಳಿದಳು.

ಒಂದು ಗಂಟೆಯೊಳಗೆ ವಾಂತಿಭೇದಿಯಿಂದ ಸೊರಗಿದ್ದ ಒಬ್ಬ ಹೆಣ್ಣುಮಗಳನ್ನು ಕರೆತಂದರು. ಡಾಕ್ಟರು ಸಲೈನ್ ಹಚ್ಚಲು ಹೇಳಿದರು. ನರ್ಸಬಾಯಿ ಟ್ರೇ ತಂದು ನನ್ನ ಮುಂದೆ ಹಿಡಿದರು. ನಾನು ಕೈ ತೊಳೆದು, ನರ ಹುಡುಕಿ ಸೂಜಿ ಹಾಕಿದೆ. ಸಿಗಲಿಲ್ಲ. ಮೈಯಲ್ಲಿ ನೀರಿಲ್ಲದೆ ನರಗಳು ಒಳಗೆ ಸರಿದಿದ್ದವು. ಪೇಶಂಟಿನ ಅವ್ವ ನರ್ಸಬಾಯಿಯ ಕೋಟು ಹಿಡಿದು ಜಗ್ಗಿದಳು.

“ಯವ್ವಾ, ನೀವ ಹಾಕ್ರಿ. ಈ ತಮ್ಮಗ ಬರೂದಿಲ್ಲ.”

ಅವರು ಹಾಕಿದ್ದರೆ ಒಂದು ಕ್ಷಣದ ಕೆಲಸ. ನಾನೂ ಅವರ ಕಡೆಗೇ ನೋಡಿದೆ.

“ಬರ್ತೈತಿ,” ಎಂದರು ನರ್ಸಬಾಯಿ. “ನನಗೂ ಈ ನರ ಮೊದಲನೇ ಸಲಕ್ಕ ಸಿಗ್ತಿದ್ದಿಲ್ಲವ್ವಾ. ನಾ ಕೈ ಹಿಡ್ಕೊಂಡಿರ್ತೀನಿ. ಹಾಕಾವ್ರು ಅವ್ರ.”

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಆ ಕೈಗೆ ಸುತ್ತಿ ಎರಡು ನಿಮಿಷ ಹಿಡಿದರು. ಬಟ್ಟೆ ತೆಗೆದಾಗ ಮೊಣಕೈಯ ಕೆಳಗೆ ಒಂದು ತೆಳ್ಳನೆಯ ನೀಲಿ ಗೆರೆ ಮೇಲೆದ್ದಿತ್ತು. ಅವರು ಅದನ್ನು ನನಗೆ ತೋರಿಸಲಿಲ್ಲ; ನಾನೇ ನೋಡುವವರೆಗೆ ಸುಮ್ಮನಿದ್ದರು. ಎರಡನೆಯ ಸಲ ಸೂಜಿಯ ಹಿಂಬದಿಯಲ್ಲಿ ಕೆಂಪು ಹನಿ ಕಂಡಿತು. ಸಲೈನ್ ಹನಿಹನಿಯಾಗಿ ಇಳಿಯತೊಡಗಿತು. ಸಂಜೆಯ ಹೊತ್ತಿಗೆ ಆ ಹೆಣ್ಣುಮಗಳು ಎದ್ದು ಕೂತು, ಇದೇನು ಚಾದರ, ಇಷ್ಟು ಹಳೇದು ಎಂದು ಆಯಾಳ ಜೊತೆ ಜಗಳಕ್ಕೆ ನಿಂತಿದ್ದಳು.

ಅವತ್ತೇ ನರ್ಸಬಾಯಿ ಡಾಕ್ಟರಿಗೆ ರಜಾ ಚೀಟಿ ಕೊಟ್ಟರು. ನಾಲ್ಕು ದಿನ. ಜೊತೆಯವಳು ಬಿಟ್ಟು ಹೋದಾಗಿನಿಂದ ಅವರು ಒಂದು ದಿನವೂ ಮನೆಯಲ್ಲಿ ಕೂತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ನನ್ನ ನಂಬರಿಗಾಗಿ ನಾನೊಬ್ಬನೇ ದಿನ ಎಣಿಸುತ್ತಿದ್ದೇನೆ ಎಂದುಕೊಂಡಿದ್ದೆ.

“ಹಬ್ಬಕ್ಕ ಹೊಂಟೀರೇನ್ರಿ ಬಾಯಾರ?”

“ನಮ್ಮನ್ಯಾಗ ಎಲ್ಲಿ ಹಬ್ಬೋ? ಮಗಳು ಹಡದು ಎರಡು ತಿಂಗಳಾತು. ಮೊಮ್ಮಗಳನ್ನ ಫೋನ್‌ನ್ಯಾಗ ನೋಡೀನಿ, ಎತ್ಕೊಂಡಿಲ್ಲ.”

ಕೋಟು ತೆಗೆದು ಮಡಚಿ ಕಪಾಟಿನಲ್ಲಿ ಇಟ್ಟರು. ಮೂರನೆಯ ಮಂಚದವರಿಗೆ ಆರು ಗಂಟೆಗೆ ಇಂಜೆಕ್ಷನ್ ಇದೆ, ಐದನೆಯವರ ಜ್ವರವನ್ನು ಎರಡು ತಾಸಿಗೊಮ್ಮೆ ನೋಡು ಎಂದು ಹೇಳುತ್ತ ಮೆಟ್ಟಿಲು ಇಳಿದರು. ಮಗಳ ಊರಿನ ರೈಲು ಅಣ್ಣಿಗೇರಿಯಿಂದ; ಅಲ್ಲಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿತ್ತು. ಅವರು ತಿರುಗಿ ನೋಡದೆ ಹತ್ತಿ ಕೂತರು. ನಾನು ಒಳಗೆ ಬಂದು ಥರ್ಮಾಮೀಟರ್ ತೆಗೆದುಕೊಂಡು ಐದನೆಯ ಮಂಚದ ಕಡೆಗೆ ಹೋದೆ.